ಎಂಜಿನ್ನಿನ ಕಾವು, ಪೆಟ್ರೋಲ್ ಪೈಪಿನ ಆಯುಷ್ಯ

ಕಾರಿನಲ್ಲಿ ಎಂಜಿನ್ ಮುಂದಿದ್ದರೆ ಪೆಟ್ರೋಲ್ ಟ್ಯಾಂಕು ಸಾಮಾನ್ಯವಾಗಿ ಹಿಂಬದಿ ಸೀಟಿನ ಕೆಳಗಿರುತ್ತದೆ. ಎರಡರ ನಡುವೆ ಸಾಕಷ್ಟು ಅಂತರವಿದೆ, ತಗಡಿನ ಗೋಡೆಗಳಿವೆ. ಬೈಕಿನಲ್ಲಿ ಆ ಅನುಕೂಲವಿಲ್ಲ. ಎಂಜಿನ್ನಿನ ನೆತ್ತಿಯ ಮೇಲೆಯೇ ಟ್ಯಾಂಕು, ಟ್ಯಾಂಕಿಗೆ ತಾಗಿಕೊಂಡೇ ಸವಾರನ ತೊಡೆ. ಹತ್ತು ಹನ್ನೆರಡು ಲೀಟರ್ ಪೆಟ್ರೋಲಿಗೂ ಕಾದ ಲೋಹಕ್ಕೂ ನಡುವೆ ಇರುವುದು ಗೇಣುದ್ದದ ಒಂದು ಪೈಪು, ಅದರ ಎರಡು ತುದಿಗೆ ಎರಡು ಕ್ಲಿಪ್ಪು. ಟೈರು, ಬ್ರೇಕು, ಚೈನು, ಎಂಜಿನ್ ಆಯಿಲ್ಲುಗಳ ಬಗ್ಗೆ ಸವಾರರು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ಈ ಪೈಪಿನ ಮಾತು ಬರುವುದು ಅದು ಸೋರಲು ಶುರುವಾದ ಮೇಲೆಯೇ.

ದೇಶದಲ್ಲಿ ನೋಂದಣಿಯಾದ ವಾಹನಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ದ್ವಿಚಕ್ರಗಳು. ಹಾಗಾಗಿ ಇದು ಬೈಕಿನ ಹುಚ್ಚಿರುವ ನಾಲ್ಕು ಜನರ ವಿಷಯವಲ್ಲ. ಹಾಲು ತರುವವರು, ಮಗುವನ್ನು ಶಾಲೆಗೆ ಬಿಡುವವರು, ಮನೆಮನೆಗೆ ಊಟ ತಲುಪಿಸುವವರು ಎಲ್ಲರೂ ಈ ಪೈಪಿನ ಮೇಲೆ ಕೂತೇ ಓಡಾಡುತ್ತಿದ್ದಾರೆ. ಇದನ್ನು ಬಿಸಿಯಿಂದ ಕಾಪಾಡುವುದೆಂದರೆ ಮೇಲೊಂದು ಹೊದಿಕೆ ಸುತ್ತುವುದು ಎಂಬ ನಂಬಿಕೆ ಸವಾರರಲ್ಲೂ ಅಂಗಡಿಗಳಲ್ಲೂ ಬೇರೂರಿದೆ. ಹೊದಿಕೆ ಕೊನೆಯಲ್ಲಿ ಯೋಚಿಸಬೇಕಾದ ಸಂಗತಿ. ಪೈಪು ಯಾವ ದಾರಿಯಲ್ಲಿ ಹೋಗುತ್ತದೆ, ಸುತ್ತ ಗಾಳಿ ಆಡುತ್ತದೆಯೇ, ಅದಕ್ಕೆ ವಯಸ್ಸೆಷ್ಟು ಎಂಬುದನ್ನು ಮೊದಲು ನೋಡಬೇಕು. ಇವನ್ನು ನೋಡುವ ಹೊಣೆಯನ್ನು ಸವಾರನೊಬ್ಬನ ತಲೆಗೆ ಕಟ್ಟುವುದೂ ಸರಿಯಲ್ಲ.

ಮೊದಲಿಗೆ ಬಿಸಿ ಪೈಪಿಗೆ ತಲುಪುವ ಬಗೆ. ಪೈಪು ಎಂಜಿನ್ನಿಗೆ ತಾಗಿದ್ದರೆ ಕಾವು ನೇರವಾಗಿ ಹತ್ತುತ್ತದೆ. ತಾಗದಿದ್ದರೂ ಫಿನ್ನುಗಳ ನಡುವಿನಿಂದ ಮೇಲೇಳುವ ಬಿಸಿಗಾಳಿ ಅದನ್ನು ಬಡಿಯುತ್ತದೆ. ಇವೆರಡೂ ಇಲ್ಲದಿದ್ದರೂ ಕಾದ ಲೋಹದಿಂದ ಹೊರಡುವ ವಿಕಿರಣ ತಪ್ಪುವುದಿಲ್ಲ. ಗಾಳಿಯಿಂದ ತಣಿಯುವ ಎಂಜಿನ್ನಿನ ಹೆಡ್ಡು ನೂರು ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸೈಲೆನ್ಸರಿನ ಬೆಂಡ್ ಪೈಪು ಹೆಡ್ಡಿಗೆ ಸೇರುವ ಕಡೆ ಹೊರಮೈ 200 ಡಿಗ್ರಿ ದಾಟುವುದು ಸಾಮಾನ್ಯ. ವಿಕಿರಣದ ಗುಣವೇನೆಂದರೆ ಉಷ್ಣತೆ ಏರಿದಂತೆ ಅದು ಅದಕ್ಕಿಂತ ಬಹಳ ವೇಗವಾಗಿ ಏರುತ್ತದೆ. 150 ಡಿಗ್ರಿಯಲ್ಲಿರುವ ಲೋಹದ ಮೈಯನ್ನು 300ಕ್ಕೆ ಕಾಯಿಸಿದರೆ ಅದು ಸೂಸುವ ಶಾಖ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಮೈಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಹೊಳೆಯುವ ಕ್ರೋಮ್ ಕಡಿಮೆ ಸೂಸುತ್ತದೆ. ಅದೇ ಪೈಪು ತುಕ್ಕು ಹಿಡಿದರೆ ಅಥವಾ ಅದಕ್ಕೆ ಕಪ್ಪು ಬಣ್ಣ ಬಳಿದರೆ ಹಲವು ಪಟ್ಟು ಹೆಚ್ಚು.

ಓಡುವ ಬೈಕು ತನ್ನನ್ನು ತಾನೇ ತಕ್ಕಮಟ್ಟಿಗೆ ಕಾಪಾಡಿಕೊಳ್ಳುತ್ತದೆ. ಎದುರುಗಾಳಿ ಬಿಸಿಯನ್ನು ಹೊತ್ತೊಯ್ಯುತ್ತದೆ, ಟ್ಯಾಂಕಿನಿಂದ ಇಳಿಯುವ ತಣ್ಣನೆಯ ಪೆಟ್ರೋಲು ಪೈಪನ್ನು ಒಳಗಿನಿಂದ ತೊಳೆಯುತ್ತಿರುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಲೀಟರಿಗೆ 60 ಕಿಲೋಮೀಟರ್ ಕೊಡುವ ಬೈಕು ಗಂಟೆಗೆ 50ರ ವೇಗದಲ್ಲಿ ಹೋದರೆ ನಿಮಿಷಕ್ಕೆ ಸುಮಾರು 14 ಮಿಲಿಲೀಟರ್ ಪೆಟ್ರೋಲ್ ಕುಡಿಯುತ್ತದೆ. 5 ಮಿಲಿಮೀಟರ್ ಒಳವ್ಯಾಸದ, 20 ಸೆಂಟಿಮೀಟರ್ ಉದ್ದದ ಪೈಪು ಹಿಡಿಯುವುದು ಸುಮಾರು 4 ಮಿಲಿಲೀಟರ್. ಅಂದರೆ ಪ್ರತಿ ಹನಿಯೂ ಪೈಪಿನೊಳಗೆ 17 ಸೆಕೆಂಡು ಇದ್ದು ಮುಂದೆ ಹೋಗುತ್ತದೆ; ಕಾಯಲು ಅದಕ್ಕೆ ಪುರುಸೊತ್ತಿಲ್ಲ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಐಡಲ್‌ನಲ್ಲಿ ನಿಂತಾಗ ಈ ಲೆಕ್ಕ ತಿರುಗಿಬೀಳುತ್ತದೆ. ಎದುರುಗಾಳಿ ನಿಂತಿರುತ್ತದೆ, ಪೆಟ್ರೋಲಿನ ಹರಿವು ತೊಟ್ಟಿಕ್ಕುವ ಮಟ್ಟಕ್ಕೆ ಇಳಿದಿರುತ್ತದೆ, ಎಂಜಿನ್ ಮಾತ್ರ ಉರಿಯುತ್ತಲೇ ಇರುತ್ತದೆ.

ಇದಕ್ಕಿಂತ ಕೆಟ್ಟ ಗಳಿಗೆ ಕೀ ತಿರುಗಿಸಿ ಬೈಕನ್ನು ನಿಲ್ಲಿಸಿದ ಮೇಲೆ ಬರುತ್ತದೆ. ಒಲೆ ಆರಿಸಿದ ಮೇಲೂ ದೋಸೆ ಕಾವಲಿ ಒಂದಷ್ಟು ಹೊತ್ತು ತನ್ನ ಕಾವನ್ನು ಬಿಡುತ್ತಲೇ ಇರುವಂತೆ, ಎಂಜಿನ್ನಿನ ಲೋಹವೂ ಕೂಡಿಟ್ಟ ಬಿಸಿಯನ್ನು ಸುತ್ತಲಿನ ಭಾಗಗಳಿಗೆ ಹಂಚತೊಡಗುತ್ತದೆ. ತಣಿಸುವ ಗಾಳಿಯೂ ಇಲ್ಲ, ಹರಿಯುವ ಪೆಟ್ರೋಲೂ ಇಲ್ಲ. ಹಾಗಾಗಿ ಪೈಪು, ಕಾರ್ಬರೇಟರುಗಳ ಉಷ್ಣತೆ ಎಂಜಿನ್ ನಿಂತ ಮೇಲಿನ ಕೆಲವು ನಿಮಿಷಗಳಲ್ಲಿ ಇಳಿಯುವ ಬದಲು ಏರುತ್ತದೆ. ಹತ್ತು ಹೆಜ್ಜೆಗೊಂದು ಮನೆ ಎಂಬಂತೆ ಬೈಕು ನಿಲ್ಲಿಸಿ, ಮತ್ತೆ ಹತ್ತಿ ಹೋಗುವ ಡೆಲಿವರಿ ಹುಡುಗರ ಬೈಕುಗಳು ದಿನವಿಡೀ ಈ ಗಳಿಗೆಯಲ್ಲೇ ಬದುಕುತ್ತವೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುವಾಗ ತಣಿಯುವುದಕ್ಕೆ ಆಸ್ಪದವೂ ಕಡಿಮೆ.

ಹೀಗೆ ಬಂದ ಬಿಸಿ ಎರಡು ಬೇರೆ ಬೇರೆ ಕೇಡು ಮಾಡುತ್ತದೆ. ಇವೆರಡನ್ನೂ ಬೆರೆಸಿ ನೋಡುವುದರಿಂದಲೇ ನಾವು ತಪ್ಪು ಮದ್ದು ಹುಡುಕುತ್ತಿದ್ದೇವೆ.

ಮೊದಲನೆಯ ಕೇಡು ಪೆಟ್ರೋಲಿಗೆ. ನೀರಿನಂತೆ ಅದಕ್ಕೆ ಒಂದೇ ಕುದಿಬಿಂದುವಿಲ್ಲ. ಅದರೊಳಗಿನ ಹಗುರ ಅಂಶಗಳು 35 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ, ಭಾರದವು 200ರ ಹತ್ತಿರ ಆವಿಯಾಗುತ್ತವೆ. ಪೈಪಿನೊಳಗೆ ಆವಿಯ ಗುಳ್ಳೆ ಕಟ್ಟಿಕೊಂಡರೆ ಪೆಟ್ರೋಲು ಇಳಿಯುವುದಿಲ್ಲ, ಬೈಕು ಕೆಮ್ಮಿ ನಿಲ್ಲುತ್ತದೆ. ಇದೇ ವೇಪರ್ ಲಾಕ್; ಗ್ಯಾರೇಜಿನಲ್ಲಿ ಇದನ್ನು ಏರ್ ಲಾಕ್ ಎನ್ನುವುದುಂಟು. ಕಾರ್ಬರೇಟರ್ ಬೈಕಿನಲ್ಲಿ ಪೆಟ್ರೋಲನ್ನು ಕೆಳಗಿಳಿಸುವುದು ಅದರ ತೂಕವೊಂದೇ. ಟ್ಯಾಂಕು ಒಂದಡಿ ಮೇಲಿದ್ದರೆ ಸಿಗುವ ಒತ್ತಡ ವಾಯುಮಂಡಲದ ಒತ್ತಡದ ಐವತ್ತರಲ್ಲಿ ಒಂದು ಪಾಲು. ಇಷ್ಟು ಕಡಿಮೆ ಒತ್ತಡವನ್ನು ತಡೆಯಲು ಸಣ್ಣ ಗುಳ್ಳೆಯೇ ಸಾಕು. ಈ ಸಮಸ್ಯೆಯನ್ನು ಸರ್ಕಾರವೂ ಬಲ್ಲದು: ನಮ್ಮ ದೇಶದ ಪೆಟ್ರೋಲಿನ ಗುಣಮಟ್ಟದ ಮಾನದಂಡದಲ್ಲಿ ವೇಪರ್ ಲಾಕ್ ಸೂಚ್ಯಂಕಕ್ಕೆ ಬೇಸಿಗೆಯಲ್ಲೊಂದು, ಉಳಿದ ತಿಂಗಳುಗಳಿಗೊಂದು ಮಿತಿ ಇದೆ.

ಎರಡನೆಯ ಕೇಡು ಪೈಪಿಗೇ ಆಗುವಂಥದ್ದು. ಬಿಸಿಗೆ ರಬ್ಬರ್ ಮುಪ್ಪಾಗುತ್ತದೆ. ಗಾಳಿಯ ಆಮ್ಲಜನಕ ರಬ್ಬರನ್ನು ಗಡಸಾಗಿಸುತ್ತದೆ, ಅದನ್ನು ಮೆತ್ತಗಿಡುವ ಅಂಶಗಳನ್ನು ಪೆಟ್ರೋಲು ಮೆಲ್ಲಗೆ ಸೆಳೆದುಕೊಳ್ಳುತ್ತದೆ, ಕಾವು ಈ ಎರಡೂ ಕೆಲಸಗಳ ವೇಗ ಹೆಚ್ಚಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಮುಪ್ಪಿನ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಬ್ಬರ್ ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ. ಇದರಂತೆ 60 ಡಿಗ್ರಿಯಲ್ಲಿ ಇರಬೇಕಾದ ಪೈಪು 90ರಲ್ಲಿ ಇದ್ದರೆ ಎಂಟು ಪಟ್ಟು ಬೇಗ ಹಾಳಾಗುತ್ತದೆ. ಎಂಟು ವರ್ಷ ಬರಬೇಕಾದದ್ದು ಒಂದೇ ವರ್ಷಕ್ಕೆ ಮುಗಿಯುತ್ತದೆ. ಹೆಡ್ಡಿನಿಂದ ಎರಡು ಬೆರಳು ಆಚೆ ಸರಿದಿದ್ದರೆ ಉಳಿಯುತ್ತಿದ್ದ ಆಯುಷ್ಯ ಅದು.

ಬೈಕು ನಿಂತುಹೋಗುವ ಮೊದಲನೆಯ ಕೇಡು ತಕ್ಷಣ ಗೊತ್ತಾಗುತ್ತದೆ. ಪೈಪು ಬಿರುಕು ಬಿಡುವುದು ಗೊತ್ತಾಗುವುದಿಲ್ಲ. ಕ್ಲಿಪ್ಪಿನ ಕೆಳಗೆ, ಬಾಗಿದ ಕಡೆಯ ಹೊರಮೈಯಲ್ಲಿ ಅದು ಸದ್ದಿಲ್ಲದೆ ಬೆಳೆಯುತ್ತದೆ. ಜನ ಮದ್ದು ಹುಡುಕುವುದು ಮೊದಲನೆಯದಕ್ಕೆ, ಪ್ರಾಣಕ್ಕೆ ಕುತ್ತು ಇರುವುದು ಎರಡನೆಯದರಲ್ಲಿ.

ಬೆಂಕಿಯ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಸೋರಿದ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಬಿದ್ದೊಡನೆ ಹೊತ್ತಿಕೊಳ್ಳುತ್ತದೆ ಎಂದು ಹಲವರ ಊಹೆ. ಪೆಟ್ರೋಲು ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುವ ಉಷ್ಣತೆ ಸುಮಾರು 250ರಿಂದ 280 ಡಿಗ್ರಿ. ಅದು ಪಾತ್ರೆಯೊಳಗೆ ನಡೆಸುವ ಪ್ರಯೋಗದ ಅಂಕಿ. ತೆರೆದ ಗಾಳಿಯಲ್ಲಿ ಆವಿ ಚದುರಿಹೋಗುವುದರಿಂದ ಲೋಹ ಇನ್ನೂ ಬಹಳ ಕಾದಿರಬೇಕಾಗುತ್ತದೆ. ಕಿಡಿಯೊಂದು ಸಿಕ್ಕರೆ ಕತೆ ಬೇರೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಈ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ಎಂಜಿನ್ನಿನ ಸುತ್ತಲೇ ಇಳಿದು ನಿಲ್ಲುತ್ತದೆ. ಅಲ್ಲೇ ಹತ್ತಿರದಲ್ಲಿ ಸಡಿಲಗೊಂಡ ಪ್ಲಗ್ ಕ್ಯಾಪ್ ಇರಬಹುದು, ಸಿಪ್ಪೆ ಸುಲಿದ ವೈರು ಇರಬಹುದು. ಹಾಗಾಗಿ ಅನಾಹುತದಲ್ಲಿ ಬಿಸಿಯ ಪಾಲು ಹೆಚ್ಚಾಗಿ ಬೆಂಕಿ ಹಚ್ಚುವುದರಲ್ಲಿ ಇಲ್ಲ. ವರ್ಷಗಟ್ಟಲೆ ಪೈಪನ್ನು ಸವೆಸಿ ಪೆಟ್ರೋಲಿಗೆ ಬಾಗಿಲು ತೆರೆದುಕೊಡುವುದರಲ್ಲಿದೆ. ಪೈಪಿನ ವಯಸ್ಸಿಗೆ ನಾನು ಇಷ್ಟು ಒತ್ತು ಕೊಡುವುದು ಇದೇ ಕಾರಣಕ್ಕೆ.

ಈಗ ಹೊದಿಕೆಯ ವಿಷಯ. ಗಾಜುನಾರಿನಿಂದ ನೇಯ್ದು ಮೇಲೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ತೋಳುಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ನಿಷ್ಪ್ರಯೋಜಕವೆಂದು ಹೇಳಲಾರೆ. ಬೆಂಡ್ ಪೈಪಿನ ಪಕ್ಕದಲ್ಲೇ ಹಾಯ್ದುಹೋಗದೆ ಬೇರೆ ದಾರಿಯೇ ಇಲ್ಲದ ಕಡೆ ಹೊಳೆಯುವ ಮೈ ವಿಕಿರಣವನ್ನು ಹಿಂದಕ್ಕೆ ಕಳಿಸುತ್ತದೆ, ನೇಯ್ಗೆ ಕಾವನ್ನು ನಿಧಾನಗೊಳಿಸುತ್ತದೆ. ಓಡುತ್ತಿರುವಾಗ ಒಳಗಿನ ಪೆಟ್ರೋಲು ಆ ಅಷ್ಟಿಷ್ಟು ಕಾವನ್ನು ಕೊಂಡೊಯ್ಯುತ್ತದೆ, ಸರಿ. ನಿಂತ ಮೇಲೆ ಮಾತ್ರ ಹೊದಿಕೆ ಬಿಸಿಯನ್ನು ತಡ ಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಒಮ್ಮೆ ಒಳಹೊಕ್ಕ ಬಿಸಿ ಹೊರಹೋಗುವುದನ್ನೂ ಅಷ್ಟೇ ತಡ ಮಾಡುತ್ತದೆ.

ಹೊದಿಕೆ ಬಿರುಕನ್ನು ಮರೆಮಾಡುತ್ತದೆ ಎಂಬುದು ನನ್ನ ಹೆಚ್ಚಿನ ಆತಂಕ. ಪೈಪಿನ ಮೈ ಕಣ್ಣಿಗೆ ಕಾಣುವಂತಿದ್ದರೆ ಬಿರುಕು, ಉಬ್ಬು, ತೇವ ಯಾವುದಾದರೂ ಒಂದು ದಿನ ಕಂಡೀತು. ಸುತ್ತಿಟ್ಟ ಪೈಪು ಸೋರಿದರೆ ಪೆಟ್ರೋಲನ್ನು ಬಟ್ಟೆ ಹೀರಿಕೊಂಡು ದೀಪದ ಬತ್ತಿಯ ಕೆಲಸ ಮಾಡುತ್ತದೆ. ಹೊದಿಕೆ ಹಾಕಲೇಬೇಕಾದರೆ ಬಿಚ್ಚಿ ನೋಡಲು ಬರುವಂಥದ್ದನ್ನು, ಬೇಕಾದಷ್ಟೇ ಉದ್ದಕ್ಕೆ ಹಾಕಬೇಕು, ಪ್ರತಿ ಸರ್ವೀಸಿನಲ್ಲೂ ಬಿಚ್ಚಿ ನೋಡಬೇಕು. ನೋಡುವ ಅಭ್ಯಾಸವಿಲ್ಲದ ಕಡೆ ಹೊದಿಕೆ ಹಾಕದಿರುವುದೇ ಮೇಲು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ದಾರಿ ಸರಿಪಡಿಸಬೇಕು. ಕಂಪನಿಯಿಂದ ಬಂದ ಪೈಪಿನ ಉದ್ದಕ್ಕೂ ಬಾಗಿಗೂ ಕಾರಣವಿರುತ್ತದೆ. ಬದಲಿಸುವಾಗ ಸುರುಳಿಯಿಂದ ಒಂದಿಷ್ಟು ಉದ್ದವಾಗಿಯೇ ಕತ್ತರಿಸಿ ಹಾಕಿದರೆ ಹೆಚ್ಚಿನ ಉದ್ದ ಜೋತು ಹೆಡ್ಡಿಗೆ ತಾಗುತ್ತದೆ. ನಡುವೆ ಹೊಸದಾಗಿ ಪ್ಲಾಸ್ಟಿಕ್ ಫಿಲ್ಟರ್ ಸೇರಿಸಿದಾಗಲೂ ಅದರ ಭಾರಕ್ಕೆ ಪೈಪು ಕೆಳಕ್ಕೆ ಜಗ್ಗುತ್ತದೆ. ಕಾರ್ಬರೇಟರ್ ಬೈಕಿನಲ್ಲಿ ಪೈಪು ಟ್ಯಾಂಕಿನಿಂದ ಕಾರ್ಬರೇಟರಿಗೆ ಒಂದೇ ಸಮನೆ ಇಳಿಯುತ್ತಿರಬೇಕು. ನಡುವೆ ಮೇಲೆದ್ದು ಇಳಿದರೆ ಆ ದಿಬ್ಬದಲ್ಲೇ ಆವಿಯ ಗುಳ್ಳೆ ಕೂರುತ್ತದೆ. ಕಾರ್ಬರೇಟರಿಗೂ ಹೆಡ್ಡಿಗೂ ನಡುವೆ ಕಂಪನಿ ಕೂರಿಸಿದ ಬೇಕಲೈಟಿನ ದಪ್ಪ ತುಂಡನ್ನು ಯಾವ ಕಾರಣಕ್ಕೂ ತೆಗೆಯಬಾರದು. ಕಾವು ಲೋಹದಿಂದ ಲೋಹಕ್ಕೆ ಹರಿಯದಂತೆ ತಡೆಯಲೆಂದೇ ಅದು ಅಲ್ಲಿದೆ.

ಎರಡನೆಯದು ಗಾಳಿ. ನಿಂತ ಗಾಳಿಯ ಮೂಲಕ ಶಾಖ ಹಾಯುವುದು ರಬ್ಬರಿನ ಮೂಲಕ ಹಾಯುವುದಕ್ಕಿಂತ ಎಷ್ಟೋ ಕಷ್ಟ. ಆಡುವ ಗಾಳಿಯಾದರೆ ಬಂದ ಶಾಖವನ್ನೂ ಒಯ್ಯುತ್ತದೆ. ಪೈಪಿಗೂ ಬಿಸಿ ಲೋಹಕ್ಕೂ ನಡುವೆ ಒಂದು ತೆಳು ಅಲ್ಯೂಮಿನಿಯಂ ತಗಡನ್ನು, ಎರಡು ಬದಿಗೂ ಬೆರಳಗಲ ಜಾಗ ಬಿಟ್ಟು ನಿಲ್ಲಿಸಿದರೆ ಯಾವ ಹೊದಿಕೆಗಿಂತಲೂ ಅದು ಹೆಚ್ಚಿನ ರಕ್ಷಣೆ ಕೊಡುತ್ತದೆ. ಅದನ್ನು ಫ್ರೇಮಿಗೆ ಬಿಗಿಯಬೇಕು, ಎಂಜಿನ್ನಿಗೆ ಬಿಗಿಯಬಾರದು. ಬಿಗಿದರೆ ತಗಡೇ ಕಾದು ಇನ್ನೊಂದು ಒಲೆಯಾಗುತ್ತದೆ. ಫಿನ್ನುಗಳಿಗೆ ಬೀಸುವ ಗಾಳಿಗೂ ಅದು ಅಡ್ಡ ನಿಲ್ಲಬಾರದು.

ಮೂರನೆಯದು ಪೈಪಿನ ಗುಣ ಮತ್ತು ವಯಸ್ಸು. ಬಿಸಿ ತಡೆಯುವ ವಸ್ತುವೆಲ್ಲ ಪೆಟ್ರೋಲ್ ತಡೆಯುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಸಾಮಾನ್ಯ ಸಿಲಿಕೋನ್ ರಬ್ಬರ್ 200 ಡಿಗ್ರಿಯನ್ನೂ ತಾಳಬಲ್ಲದು, ಆದರೆ ಪೆಟ್ರೋಲಿಗೆ ಉಬ್ಬುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ. ನೋಡಲು ಚೆಂದವಿರುವ ಪಾರದರ್ಶಕ ಪಿವಿಸಿ ಪೈಪು ಕಾವಿಗೆ ಮೆತ್ತಗಾಗುತ್ತದೆ, ಕಾಲಕ್ರಮದಲ್ಲಿ ಹಳದಿಯಾಗಿ ಕಡ್ಡಿಯಂತೆ ಸೆಡೆಯುತ್ತದೆ. ಸೈಕಲ್ ಟ್ಯೂಬಿನ ತುಂಡು ಸುತ್ತಿ ಸೋರಿಕೆ ನಿಲ್ಲಿಸುವುದು ಊರು ಸೇರುವ ತನಕದ ಉಪಾಯವಾಗಿಯೂ ಅಪಾಯಕಾರಿ. ಆ ರಬ್ಬರು ಪೆಟ್ರೋಲಿನಲ್ಲಿ ಉಬ್ಬಿ ಹಿಡಿತ ಕಳೆದುಕೊಳ್ಳುತ್ತದೆ. ಪೆಟ್ರೋಲಿಗೆಂದೇ ತಯಾರಾಗುವುದು ನೈಟ್ರೈಲ್ ರಬ್ಬರಿನ ಪೈಪು. ಹೆಚ್ಚು ಕಾವಿಗೆ, ಎಥನಾಲಿಗೆ ಒಳಪದರ ಫ್ಲೋರೋ ರಬ್ಬರಿನದಾಗಿದ್ದರೆ ಇನ್ನೂ ಒಳ್ಳೆಯದು.

ಎಥನಾಲಿನ ಮಾತು ಬಂದಾಗ ಈ ಪೈಪು ಸಾರ್ವಜನಿಕ ನೀತಿಯ ವಿಷಯವೂ ಆಗುತ್ತದೆ. ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ದೊರೆತದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೆ ಹಿಂದಕ್ಕೆ ತರಲಾಯಿತು. ಆಮದು ತೈಲದ ಹೊರೆ ಇಳಿಸುವ, ಕಬ್ಬು ಬೆಳೆಗಾರರಿಗೆ ಇನ್ನೊಂದು ಮಾರುಕಟ್ಟೆ ಕೊಡುವ ಆ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಎಥನಾಲ್ ಹಳೆಯ ಬಗೆಯ ರಬ್ಬರುಗಳನ್ನು ಉಬ್ಬಿಸುತ್ತದೆ, ಅವುಗಳ ಸತ್ವ ಸೆಳೆಯುತ್ತದೆ. ಕಾವಿನಿಂದ ಆಗಲೇ ಸೊರಗಿದ ಪೈಪಿಗೆ ಇದು ಎರಡನೆಯ ಪೆಟ್ಟು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಬಳಕೆಯ ನಂತರ ರಬ್ಬರಿನ ಕೆಲವು ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಾಗದು ಎಂದು ಹೇಳಿತು. ಖರ್ಚು ಕಡಿಮೆ ಎಂಬುದು ನಿಜವೇ. ಆದರೆ ಯಾವ ಬೈಕಿನ ಯಾವ ಭಾಗ, ಅದಕ್ಕೆ ತಕ್ಕ ಬದಲಿ ಎಲ್ಲಿ ಸಿಗುತ್ತದೆ ಎಂಬುದನ್ನು ಹಳ್ಳಿಯ ಸವಾರನಿಗೆ ಅವನ ಭಾಷೆಯಲ್ಲಿ ತಿಳಿಸುವವರು ಯಾರು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ಹುಟ್ಟಿದ ಯೆಜ್ಡಿಗಳು ಇಂದಿಗೂ ಓಡುತ್ತಿವೆ. ಅವನ್ನು ಮಾಡುವಾಗ ಯಾರೂ ಎಥನಾಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಂಧನವನ್ನು ಬದಲಿಸಿದವರಿಗೆ ಪೈಪಿನ ಬಗ್ಗೆ ತಿಳಿಸಿಹೇಳುವ ಹೊಣೆಯೂ ಇದೆ.

ಹೊಸ ಬೈಕುಗಳಿಗೆ ಈ ಚಿಂತೆಯೇ ಇಲ್ಲ ಎಂಬ ವಾದವಿದೆ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಬಹುಪಾಲು ಬೈಕುಗಳು ಕಾರ್ಬರೇಟರ್ ಬಿಟ್ಟು ಇಂಜೆಕ್ಷನ್ನಿಗೆ ಬಂದವು. ಪಂಪು ಟ್ಯಾಂಕಿನೊಳಗಿದ್ದು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಒತ್ತಡ ಹೆಚ್ಚಿದ್ದರೆ ಕುದಿಯುವ ಉಷ್ಣತೆಯೂ ಏರುವುದರಿಂದ ಆವಿಯ ಗುಳ್ಳೆಯ ತೊಂದರೆ ಬಹಳ ಕಡಿಮೆಯಾಗಿದೆ. ವಾದದ ಇಷ್ಟು ಭಾಗ ಸರಿ. ಆದರೆ ಕಾರ್ಬರೇಟರಿನ ಪೈಪು ಬಿರಿದರೆ ಪೆಟ್ರೋಲು ತೊಟ್ಟಿಕ್ಕುತ್ತದೆ, ಇಂಜೆಕ್ಷನ್ನಿನ ಪೈಪು ಬಿರಿದರೆ ತುಂತುರಾಗಿ ಚಿಮ್ಮುತ್ತದೆ. ಕೀ ತೆಗೆದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರಬಹುದು. ಕಾರ್ಬರೇಟರಿನ ಸಾದಾ ಪೈಪನ್ನು ಇಲ್ಲಿ ಹಾಕುವಂತೆಯೇ ಇಲ್ಲ. ಪೇಟೆಯಲ್ಲಿ ಸಿಗುವ ಒಳ್ಳೆಯ ಪೈಪಿನ ಮೈಮೇಲೆ ಎಸ್‌ಎಇ ಜೆ30 ಮಾನದಂಡದ ದರ್ಜೆ ಅಚ್ಚಾಗಿರುತ್ತದೆ: ಆರ್7 ಕಡಿಮೆ ಒತ್ತಡದ್ದು, ಆರ್9 ಇಂಜೆಕ್ಷನ್ನಿನ ಒತ್ತಡ ತಾಳುವಂಥದ್ದು. ಹೊಸ ಬೈಕಿಗೂ ಒಂದು ದಿನ ಹತ್ತು ವರ್ಷವಾಗುತ್ತದೆ, ಮೂರನೆಯ ಮಾಲೀಕನ ಕೈ ಸೇರುತ್ತದೆ. ಇಂದು ಅದರ ಪೈಪಿನ ಬಗ್ಗೆ ನಿಶ್ಚಿಂತೆಯಾಗಿರುವುದು ಆ ಮೂರನೆಯವನ ತಲೆಗೆ ಅಪಾಯವನ್ನು ದಾಟಿಸಿದಂತೆ.

ಇಷ್ಟನ್ನೂ ಸವಾರನೇ ನೋಡಿಕೊಳ್ಳಲಿ ಎನ್ನುವುದು ಸುಲಭ. ಆದರೆ ಟ್ಯಾಂಕು ಬಿಚ್ಚದೆ ಪೈಪಿನ ಪೂರ್ತಿ ಉದ್ದ ಕಾಣದ ಬೈಕುಗಳೇ ಹೆಚ್ಚು. ಮೆಕ್ಯಾನಿಕ್ಕನ್ನು ದೂರುವುದರಲ್ಲೂ ಅರ್ಥವಿಲ್ಲ. ಅವನಿಗೆ ಸಿಗುವ ಸುರುಳಿಯ ಮೇಲೆ ಯಾವ ರಬ್ಬರು, ಎಷ್ಟು ಕಾವಿಗೆ, ಯಾವ ವರ್ಷದ್ದು ಎಂಬ ಗುರುತೇ ಇಲ್ಲದಿದ್ದರೆ ಅವನು ತಾನೆ ಹೇಗೆ ಆರಿಸಿಯಾನು? ಹಾಗಾಗಿ ಮೂರು ಕ್ರಮಗಳು ಅಗತ್ಯವೆಂದು ನನಗನಿಸುತ್ತದೆ. ಮೊದಲನೆಯದು, ಬಿಡಿಯಾಗಿ ಮಾರುವ ಪ್ರತಿಯೊಂದು ಪೆಟ್ರೋಲ್ ಪೈಪಿನ ಮೇಲೂ ಅದರ ದರ್ಜೆ, ತಯಾರಾದ ತಿಂಗಳು ಮತ್ತು ವರ್ಷ ಅಚ್ಚಾಗಿರುವುದನ್ನು ಕಡ್ಡಾಯ ಮಾಡಬೇಕು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ನಿಯಮ ತರಲು ಸಾಧ್ಯವಾದರೆ ಇದೂ ಸಾಧ್ಯ. ಎರಡನೆಯದು, ಪೈಪನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದನ್ನು ಕಂಪನಿಗಳು ಕನ್ನಡದಲ್ಲಿ, ಸವಾರನಿಗೆ ಕೊಡುವ ಕೈಪಿಡಿಯ ಸರ್ವೀಸ್ ಪಟ್ಟಿಯಲ್ಲೇ ಹೇಳಬೇಕು.

ಮೂರನೆಯದು ತಪಾಸಣೆ. ಇದಕ್ಕೆ ಹೊಸ ಇಲಾಖೆ ಬೇಡ. ಬಿಎಸ್4 ಮತ್ತು ಬಿಎಸ್6 ಬೈಕು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದು ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆಗೆ ಹೇಗೂ ಹೋಗಬೇಕು. ಅಲ್ಲಿ ಬೈಕು ಬಿಸಿಯಾಗಿಯೇ ನಿಂತಿರುತ್ತದೆ, ಸೋರಿಕೆ ನೋಡಲು ತಕ್ಕ ಸಮಯವೂ ಅದೇ. ಟಾರ್ಚು ಹಿಡಿದು ಕಾಣುವಷ್ಟು ಪೈಪನ್ನು, ಕ್ಲಿಪ್ಪುಗಳನ್ನು ಒಂದು ನಿಮಿಷ ನೋಡಿ, ಬಿರುಕೋ ತೇವವೋ ಕಂಡರೆ ಚೀಟಿಯಲ್ಲಿ ಬರೆದುಕೊಡಬಹುದು. ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವ ಬೈಕಿಗಾದರೆ ಹೊಸ ಪೈಪು ಹಾಕಿಸಿದ ರಸೀದಿಯನ್ನೇ ಕೇಳಬಹುದು.

ಒಂದು ಪೈಪಿಗೆ ಇಷ್ಟೆಲ್ಲ ನಿಯಮವೇ, ಬಡವನ ಮೇಲೆ ಇನ್ನೊಂದು ಹೊರೆಯಲ್ಲವೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ತಪಾಸಣೆ ದಂಡದ ನೆಪವಾದರೆ ಜನ ಅದರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ. ಅದಕ್ಕೇ ಚೀಟಿ ಎಂದೆ, ದಂಡ ಎನ್ನಲಿಲ್ಲ. ಇನ್ನು ಖರ್ಚಿನ ಮಾತು: ಕಾರ್ಬರೇಟರ್ ಬೈಕಿನ ಒಳ್ಳೆಯ ಪೈಪು ಮತ್ತು ಎರಡು ಕ್ಲಿಪ್ಪುಗಳ ಬೆಲೆ ಟ್ಯಾಂಕಿಗೆ ಒಮ್ಮೆ ಪೆಟ್ರೋಲ್ ತುಂಬಿಸುವ ಖರ್ಚಿಗಿಂತ ಕಡಿಮೆ. ಇಂಜೆಕ್ಷನ್ನಿನ ಪೈಪು ಇದಕ್ಕಿಂತ ದುಬಾರಿ, ಅದನ್ನು ಬದಲಿಸಲು ತಿಳಿದವರ ಕೈಯೂ ಬೇಕು. ಆದರೂ ಬೈಕಿನ ಬೆಲೆಯ ಮುಂದೆ ಅದು ಅಲ್ಪವೇ. ಬೈಕಿನಿಂದಲೇ ಹೊಟ್ಟೆ ಹೊರೆಯುವವನಿಗೆ ಸುಟ್ಟುಹೋದ ಬೈಕೆಂದರೆ ಸುಟ್ಟುಹೋದ ಬದುಕು. ಅವನಿಗೆ ಈ ರಕ್ಷಣೆ ಎಲ್ಲರಿಗಿಂತ ಹೆಚ್ಚು ಬೇಕು, ಏಕೆಂದರೆ ಅವನ ಬೈಕೇ ಎಲ್ಲರದಕ್ಕಿಂತ ಹೆಚ್ಚು ಹೊತ್ತು ಕಾದಿರುತ್ತದೆ.

ಎಂಜಿನ್ ಕಾಯದೆ ಬೈಕು ಓಡುವುದಿಲ್ಲ, ಪೆಟ್ರೋಲು ಆ ಕಾವಿನ ಪಕ್ಕದಿಂದಲೇ ಹಾಯಬೇಕು. ಈ ನೆರೆಹೊರೆಯನ್ನು ತಪ್ಪಿಸುವಂತಿಲ್ಲ. ಅದರ ಪರಿಣಾಮ ಏನೆಂದು ಗೊತ್ತಿದೆ, ಅದರ ವೇಗ ಗೊತ್ತಿದೆ, ತಡೆಯುವ ವಸ್ತುವೂ ಅಗ್ಗದಲ್ಲಿ ಸಿಗುತ್ತದೆ. ಇಷ್ಟೆಲ್ಲ ತಿಳಿದೂ ಒಂದು ಪೈಪು ಬಿರಿದು ಯಾರಾದರೂ ಸುಟ್ಟುಕೊಂಡರೆ ಅದನ್ನು ಆಕಸ್ಮಿಕ ಎನ್ನಲಾಗದು. ನಿಯಮ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಮುಂದಿನ ಸರ್ವೀಸಿನಲ್ಲಿ ಟ್ಯಾಂಕು ಬಿಚ್ಚಿಸಿ ಪೈಪು ತೋರಿಸಿ ಎಂದು ಕೇಳಿ. ಗಡಸಾಗಿದ್ದರೆ, ಬಾಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ, ಯಾವ ವರ್ಷದ್ದೆಂದು ಯಾರಿಗೂ ನೆನಪಿಲ್ಲದಿದ್ದರೆ ಬದಲಿಸಿ, ಹೊಸದನ್ನು ಹಾಕಿಸಿದ ದಿನಾಂಕವನ್ನು ಸರ್ವೀಸ್ ಪುಸ್ತಕದಲ್ಲಿ ಬರೆದಿಡಿ.